ನೂರ ಮೂವತ್ತು ಅಡಿ ನೀರಿನ ಕೆಳಗೆ

ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. 2025ರ ಜನವರಿಯಲ್ಲಿ ಅದು ಮೂರನೇ ಸಲ ತುಂಬಿ ಹರಿಯಿತು. ಈ ಜಲಾಶಯದ ಗರಿಷ್ಠ ಮಟ್ಟ 130 ಅಡಿ ಎಂಬುದು ಚಿತ್ರದುರ್ಗ ಜಿಲ್ಲೆಯ ಶಾಲೆ ಮಕ್ಕಳಿಗೂ ಬಾಯಿಪಾಠ. ಮಳೆಗಾಲ ಬಂತೆಂದರೆ ಇವತ್ತು ಮಟ್ಟ ಎಷ್ಟಾಯಿತು ಎಂದು ಪತ್ರಿಕೆ ತೆರೆದು ನೋಡುವ ಊರು ನಮ್ಮದು. ಇದೇ 130 ಅಡಿ, ಅಂದರೆ 40 ಮೀಟರ್, ಇನ್ನೊಂದು ಲೋಕದಲ್ಲೂ ಗಡಿಗೆರೆ. ಹವ್ಯಾಸಕ್ಕಾಗಿ ಸ್ಕೂಬಾ ಡೈವಿಂಗ್ ಮಾಡುವವರು ಜಗತ್ತಿನ ಯಾವ ಸಮುದ್ರದಲ್ಲೂ ಅದಕ್ಕಿಂತ ಕೆಳಗೆ ಇಳಿಯಬಾರದು ಎಂದು ತರಬೇತಿ ಸಂಸ್ಥೆಗಳು ಹೇಳುತ್ತವೆ. ಎರಡೂ ಅಂಕಿ ಒಂದೇ ಆಗಿರುವುದು ಕಾಕತಾಳೀಯ. ಆದರೆ ಆ ಗೆರೆಯನ್ನು ಎಳೆದ ಭೌತಶಾಸ್ತ್ರ ಸಮುದ್ರಕ್ಕೂ ಮಾರಿಕಣಿವೆಯ ಈ ಜಲಾಶಯಕ್ಕೂ ನಾಯಕನಹಟ್ಟಿಯ ಹಿರೇಕೆರೆಗೂ ಒಂದೇ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಇಲ್ಲಿ ನೀರಿನ ಮಾತು ಬಂದರೆ ಅದು ನೀರಿಲ್ಲದ ಮಾತೇ. ನೀರಿನೊಳಗೆ ಮನುಷ್ಯನಿಗೆ ಏನಾಗುತ್ತದೆ ಎನ್ನುವುದು ಮಲ್ಪೆ, ಮುರುಡೇಶ್ವರದವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಇದು ತಪ್ಪು ಎಂಬುದೇ ಈ ಲೇಖನದ ವಾದ. ಕಡಲ ಮಕ್ಕಳು ಹುಟ್ಟಿನಿಂದ ನೀರು ನೋಡಿರುತ್ತಾರೆ. ಬಯಲುಸೀಮೆಯ ಮಗುವಿಗೆ ನೀರು ಸಿಗುವುದೇ ಅಪರೂಪ, ಸಿಕ್ಕಾಗ ಅದು ಇದ್ದಕ್ಕಿದ್ದಂತೆ ಆಳವಾಗಿರುತ್ತದೆ. ಮೂರು ಮೀಟರಿನ ಕೃಷಿ ಹೊಂಡ, ಮರಳು ತೆಗೆದು ಗುಂಡಿಬಿದ್ದ ವೇದಾವತಿಯ ಪಾತ್ರ, ಪರಶುರಾಂಪುರದ ಕಡೆಯ ಬ್ಯಾರೇಜು, ಕಲ್ಲು ಕ್ವಾರಿಯ ಹಳ್ಳ, ಮೊಳಕಾಲ್ಮೂರಿನವರ ರಂಗಯ್ಯನದುರ್ಗ ಜಲಾಶಯ, ಬತ್ತಿ ಮತ್ತೆ ತುಂಬಿದ ತೆರೆದ ಬಾವಿ: ಇವು ಯಾವುವೂ ನಿಧಾನವಾಗಿ ಆಳವಾಗುವ ನೀರಲ್ಲ. ಭದ್ರಾ ಮೇಲ್ದಂಡೆಯ ನೀರು ಬಂದರೆ ಒಣಗಿದ ಕೆರೆಗಳೂ ತುಂಬುತ್ತವೆ. ನೀರಿಗಾಗಿ ಹೋರಾಡಿದ ನಾವು ನೀರಿನ ಆಳವನ್ನೂ ಅರಿತುಕೊಳ್ಳಬೇಕು.

ಮೊದಲಿಗೆ ಒತ್ತಡ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ಕೇಂದ್ರವಿದೆ, ಮಾನವರಹಿತ ವಿಮಾನಗಳು ಅಲ್ಲಿಂದ ಏರುತ್ತವೆ. ಅಂಥ ವಿಮಾನ ಸಮುದ್ರಮಟ್ಟದಿಂದ ಸುಮಾರು 5,500 ಮೀಟರ್ ಎತ್ತರಕ್ಕೆ ಹೋದಾಗ ಅದರ ಸುತ್ತಲಿನ ವಾಯುಭಾರ ಅರ್ಧಕ್ಕೆ ಇಳಿಯುತ್ತದೆ. ನೀರಿನಲ್ಲಿ ಒತ್ತಡ ಎರಡು ಪಟ್ಟಾಗಲು ಹತ್ತು ಮೀಟರ್ ಇಳಿದರೆ ಸಾಕು. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರ. ಪ್ರತಿ ಹತ್ತು ಮೀಟರಿಗೂ ಇಡೀ ವಾಯುಮಂಡಲದಷ್ಟು ಭಾರ ಮೈಮೇಲೆ ಕೂರುತ್ತದೆ. ಈ ಒತ್ತಡ ಆಳವನ್ನು ಮಾತ್ರ ಕೇಳುತ್ತದೆ, ನೀರಿನ ಹರವನ್ನು ಕೇಳುವುದಿಲ್ಲ. ನಲವತ್ತು ಅಡಿ ಆಳದ ಬಾವಿಯ ತಳದಲ್ಲಿ ಎಷ್ಟಿದೆಯೋ, 30 ಟಿ.ಎಂ.ಸಿ. ಹಿಡಿಯುವ ವಾಣಿವಿಲಾಸ ಸಾಗರದಲ್ಲಿ ನಲವತ್ತು ಅಡಿ ಕೆಳಗೂ ಅಷ್ಟೇ. ಅದಕ್ಕೇ ‘ಇದು ಸಣ್ಣ ಬಾವಿ ಕಣೋ’ ಎನ್ನುವ ಧೈರ್ಯಕ್ಕೆ ಬುಡವಿಲ್ಲ.

ಈ ಹತ್ತು ಮೀಟರಿನ ಲೆಕ್ಕ ನಮ್ಮ ರೈತರಿಗೆ ಗೊತ್ತೇ ಇದೆ, ಪುಸ್ತಕದಿಂದಲ್ಲ, ಪಂಪಿನಿಂದ. ಕೊಳವೆಬಾವಿ ಬರುವ ಮೊದಲು ತೆರೆದ ಬಾವಿಯೊಳಗೆ ಕಟ್ಟೆ ಕಟ್ಟಿ ಮೋಟಾರು ಕೂರಿಸುತ್ತಿದ್ದರಲ್ಲ, ಯಾಕೆ? ಮೇಲೆ ನೆಲದ ಮೇಲೆ ಕೂರಿಸಿದರೆ ಪಂಪು ನೀರೆತ್ತುತ್ತಿರಲಿಲ್ಲ. ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ. ಸಕ್ಷನ್ ಪೈಪಿನೊಳಗೆ ಗಾಳಿಯ ಒತ್ತಡ ತಗ್ಗಿಸುತ್ತದೆ, ಹೊರಗಿನ ವಾಯುಮಂಡಲ ಬಾವಿಯ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಅದು ತಳ್ಳಬಲ್ಲದ್ದು ಸಮುದ್ರಮಟ್ಟದಲ್ಲಿ 10.3 ಮೀಟರ್. ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವುದರಿಂದ ಇಲ್ಲಿ ಅದು ಒಂಬತ್ತೂವರೆ ಮೀಟರ್ ಆಸುಪಾಸು, ಪೈಪಿನ ಘರ್ಷಣೆ, ಸೋರಿಕೆ ಕಳೆದರೆ ಇಪ್ಪತ್ತು ಚಿಲ್ಲರೆ ಅಡಿ. ನೀರು ಇಳಿದಂತೆ ಮೋಟಾರನ್ನೂ ಹಗ್ಗ ಕಟ್ಟಿ ಇಳಿಸಬೇಕಾಗುತ್ತಿತ್ತು.

ಆಗ ಊರಿಗೆ ಒಬ್ಬಿಬ್ಬರಾದರೂ ಫುಟ್‌ವಾಲ್ವ್ ಬಿಚ್ಚುವವರು ಇರುತ್ತಿದ್ದರು. ಪೈಪಿನ ತುದಿಯ ವಾಲ್ವಿಗೆ ಕಸ ಸಿಕ್ಕಿಕೊಂಡರೆ ಪಂಪಿನಲ್ಲಿ ನೀರು ನಿಲ್ಲುವುದಿಲ್ಲ. ಅಂಥವನು ಪೈಪು ಹಿಡಿದುಕೊಂಡು ತಲೆ ಕೆಳಗೆ ಮಾಡಿ ಇಳಿಯುತ್ತಾನೆ. ಎಂಟು ಹತ್ತು ಅಡಿ ಹೋಗುವಷ್ಟರಲ್ಲಿ ಕಿವಿ ಒತ್ತುತ್ತದೆ. ಮೂಗು ಹಿಡಿದು ಒಳಗಿಂದ ಊದಿ ಕಿವಿ ಬಿಡಿಸಿಕೊಳ್ಳುತ್ತಾನೆ. ಕತ್ತಲಲ್ಲಿ ಕೈಯಿಂದಲೇ ವಾಲ್ವಿನ ಜಾಲರಿ ತಡಕಿ, ಎಲೆ, ಪಾಚಿ ಕಿತ್ತು, ಪೈಪು ಬಿಡದೆ ಮೇಲೆ ಬರುತ್ತಾನೆ. ಕಿವಿ ಬಿಡಿಸಿಕೊಳ್ಳುವ ಈ ಕ್ರಮವನ್ನೇ ಇವತ್ತು ಸ್ಕೂಬಾ ಕಲಿಸುವವರು ಮೊದಲ ದಿನ ಹೇಳಿಕೊಡುತ್ತಾರೆ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ ಊದಬೇಕು ಎಂಬುದಷ್ಟೇ ಅವರು ಸೇರಿಸುವ ಮಾತು. ಮೊದಲ ಹತ್ತು ಮೀಟರಿನಲ್ಲೇ ಗಾಳಿಯ ಗಾತ್ರ ಅರ್ಧವಾಗುವುದರಿಂದ ಕಿವಿಗೆ ಪೆಟ್ಟು ಹೆಚ್ಚು ಬೀಳುವುದು ಮೇಲ್ಭಾಗದಲ್ಲೇ, ಆಳದಲ್ಲಲ್ಲ.

ಗಾತ್ರದ ಈ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ: ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೇಲೆ ಐದು ಲೀಟರ್ ಗಾಳಿ ತುಂಬಿಕೊಂಡ ಶ್ವಾಸಕೋಶವನ್ನು 130 ಅಡಿಗೆ ಇಳಿಸಿದರೆ ಅದರಲ್ಲಿರುವ ಗಾಳಿ ಒಂದು ಲೀಟರಿನಷ್ಟಾಗುತ್ತದೆ. ಹಾಗಾದರೆ ಮೇಲಿನಿಂದ ಉದ್ದನೆಯ ಕೊಳವೆಯಲ್ಲಿ ಉಸಿರು ಎಳೆದುಕೊಂಡರೆ ಆಗದೇ? ಆಗದು. ಕೊಳವೆಯೊಳಗಿನ ಗಾಳಿ ಮೇಲಿನ ಒತ್ತಡದಲ್ಲಿರುತ್ತದೆ, ಎದೆಯನ್ನು ಅಮುಕುವ ನೀರು ಕೆಳಗಿನ ಒತ್ತಡದಲ್ಲಿರುತ್ತದೆ. ಒಂದು ಮೀಟರ್ ಕೆಳಗೇ ಎದೆಯ ಪ್ರತಿ ಚದರ ಸೆಂಟಿಮೀಟರಿಗೆ ನೂರು ಗ್ರಾಂ ಹೊರೆ ಹೆಚ್ಚುತ್ತದೆ. ಪಕ್ಕೆಲುಬು ಎತ್ತುವ ಸ್ನಾಯುಗಳು ಅದಕ್ಕೆ ಬೇಗ ಸೋಲುತ್ತವೆ. ಪರಂಗಿ ಎಲೆಯ ದೇಟು ಬಾಯಿಗಿಟ್ಟು ಕೆರೆಯ ತಳದಲ್ಲಿ ಅಡಗಿದ ಶೂರರ ಕತೆಗಳು ಕತೆಗಳಾಗಿಯೇ ಚೆಂದ. ನೀರಿನೊಳಗಿನ ಮನುಷ್ಯನೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ. ರನ್ನನ ಗದಾಯುದ್ಧದಿಂದ ನಮ್ಮ ಹಳ್ಳಿಗಳ ಬಯಲಾಟದವರೆಗೆ ಅವನು ಜಲಸ್ತಂಭನ ವಿದ್ಯೆ ಬಲ್ಲವನು. ಆ ವಿದ್ಯೆ ಮನುಷ್ಯನ ಕೈಗೆ ನಿಜವಾಗಿ ಸಿಕ್ಕಿದ್ದು 1943ರಲ್ಲಿ, ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಸೇರಿ ರೂಪಿಸಿದ ರೆಗ್ಯುಲೇಟರಿನಿಂದ. ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು, ಉಸಿರು ಎಳೆದಾಗ ಮಾತ್ರ, ಬಾಯಿಗೆ ಕೊಡುವುದು ಅದರ ಕೆಲಸ. ಹೊರಗಿನ ಅಮುಕಿಗೆ ಒಳಗಿನ ಗಾಳಿ ಸಮನಾಗಿ ನಿಲ್ಲುತ್ತದೆ, ಪಕ್ಕೆಲುಬಿಗೆ ಹೊರೆ ತಪ್ಪುತ್ತದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಇದೆ. ಹನ್ನೆರಡು ಲೀಟರಿನ ಸಿಲಿಂಡರಿಗೆ ವಾಯುಮಂಡಲದ ಇನ್ನೂರು ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ 2,400 ಲೀಟರ್ ಗಾಳಿ. ನಿಮಿಷಕ್ಕೆ ಇಪ್ಪತ್ತು ಲೀಟರ್ ಉಸಿರಾಡುವವನಿಗೆ ಮೇಲೆ ಅದು ಎರಡು ಗಂಟೆ ಬರುತ್ತದೆ. 130 ಅಡಿಯಲ್ಲಿ ಪ್ರತಿ ಉಸಿರಿಗೂ ಐದು ಪಟ್ಟು ಗಾಳಿ ಬೇಕು. ಹಾಗಾಗಿ ಅದೇ ಸಿಲಿಂಡರ್ ಇಪ್ಪತ್ನಾಲ್ಕು ನಿಮಿಷಕ್ಕೆ ಖಾಲಿ. ಮೇಲೆ ಬರಲು ಬೇಕಾದದ್ದನ್ನು ಮೀಸಲಿಟ್ಟರೆ ತಳದಲ್ಲಿ ಇರಲು ಸಿಗುವುದು ಇನ್ನೂ ಕಡಿಮೆ. ಜೊತೆಗೆ 30 ಮೀಟರ್ ದಾಟಿದರೆ ಒತ್ತಡದ ಸಾರಜನಕ ಮೆದುಳಿಗೆ ಅಮಲೇರಿಸುತ್ತದೆ, ಕುಡಿದವರ ಹಾಗೆ ತೀರ್ಮಾನ ತಪ್ಪುತ್ತದೆ. ಹವ್ಯಾಸಿಗಳಿಗೆ 130 ಅಡಿಯ ಗೆರೆ ಎಳೆದದ್ದು ಇಂಥ ಕಾರಣಗಳಿಗಾಗಿ. ಅಣೆಕಟ್ಟೆಯ ಬುಡದಲ್ಲಿ ಯಾರಾದರೂ ಕಾಣೆಯಾದಾಗ ‘ಮುಳುಗು ತಜ್ಞರು ಬಂದರು, ಅರ್ಧ ಗಂಟೆಯಲ್ಲಿ ಎದ್ದು ಹೋದರು’ ಎಂದು ದಡದಲ್ಲಿ ನಿಂತವರು ಬೈಯುವುದುಂಟು. ಆ ಸಿಟ್ಟಿನ ಹಿಂದಿನ ದುಃಖ ಅರ್ಥವಾಗುತ್ತದೆ. ಅವರ ಬೆನ್ನ ಮೇಲಿನ ಸಿಲಿಂಡರಿನ ಲೆಕ್ಕವೂ ನಮಗೆ ಅರ್ಥವಾಗಬೇಕು.

ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತ, ಕೊಬ್ಬುಗಳಲ್ಲಿ ಕರಗಿ ಕೂತಿರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನಲ್ಲಿ ಹೊರಹೋಗುತ್ತದೆ. ಅವಸರ ಮಾಡಿದರೆ ಸೋಡಾ ಬಾಟಲಿ ತೆರೆದಂತೆ ಮೈಯೊಳಗೇ ಗುಳ್ಳೆಯೇಳುತ್ತದೆ; ಕೀಲುಗಳಲ್ಲಿ ನೋವು, ಬೆನ್ನುಹುರಿಗೆ ತಾಕಿದರೆ ಪಾರ್ಶ್ವವಾಯು. ಎಷ್ಟು ಆಳದಿಂದ ಎಷ್ಟು ನಿಧಾನ ಬರಬೇಕೆಂಬ ಕೋಷ್ಟಕವನ್ನು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು 1908ರಲ್ಲಿ ಪ್ರಕಟಿಸಿದರು. ಮಾರಿಕಣಿವೆಯ ಗೋಡೆ ಎದ್ದು ನಿಂತ ಮರುವರ್ಷ ಅದು. ಆ ಪ್ರಯೋಗ ನಡೆದದ್ದು ಆಡುಗಳ ಮೇಲೆ ಎಂಬುದು ಕುರಿ ಆಡು ಸಾಕಿ ಬದುಕುವ ನಮ್ಮ ತಾಲ್ಲೂಕುಗಳವರಿಗೆ ಕುತೂಹಲದ ಸಂಗತಿ. ಆಡುಗಳನ್ನು ಉಕ್ಕಿನ ಕೋಣೆಯಲ್ಲಿ ಒತ್ತಡಕ್ಕೆ ಒಡ್ಡಿ ಬಿಡುಗಡೆ ಮಾಡಿದಾಗ ನೋವಾದದ್ದು ಮುಂಗಾಲನ್ನು ಮಡಚಿ ಎತ್ತಿ ನಿಲ್ಲುತ್ತಿತ್ತು. ಹಾಗೆ ಕಾಲೆತ್ತಿದ ಆಡುಗಳನ್ನು ನೋಡಿಯೇ ಹಂತಹಂತವಾಗಿ ಮೇಲೇರುವ ನಿಯಮ ಹುಟ್ಟಿತು.

ಇದರಲ್ಲಿ ನಮ್ಮ ಹುಡುಗರಿಗೂ ಒಂದು ಪಾಠವಿದೆ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬರುವವರು ಈಗ ಬಯಲುಸೀಮೆಯಲ್ಲೂ ಇದ್ದಾರೆ. ನೀರಿನಿಂದ ಎದ್ದ ಮೇಲೆ ಹನ್ನೆರಡರಿಂದ ಹದಿನೆಂಟು ಗಂಟೆ ವಿಮಾನ ಹತ್ತಬಾರದು ಎಂಬ ಎಚ್ಚರಿಕೆ ಎಲ್ಲರಿಗೂ ಗೊತ್ತು. ಘಟ್ಟ ಹತ್ತುವುದೂ ಮೇಲೇರುವುದೇ ಎಂಬುದು ನೆನಪಿಗೆ ಬರುವುದಿಲ್ಲ. ಕರಾವಳಿಯಿಂದ ಚಳ್ಳಕೆರೆಗೆ ಬರುವ ದಾರಿ ಆರುನೂರು ಮೀಟರಿನ ಅಂಚಿಗೆ ಮುಟ್ಟುತ್ತದೆ, ಆ ಎಚ್ಚರಿಕೆ ಆರಂಭವಾಗುವುದೂ ಅಲ್ಲಿಂದಲೇ. ಒಂದಕ್ಕಿಂತ ಹೆಚ್ಚು ಸಲ ಆಳಕ್ಕೆ ಇಳಿದವರು ಅಂದು ರಾತ್ರಿ ಅಲ್ಲೇ ಉಳಿಯುವುದು ಕ್ಷೇಮ. ಹಾಗೆಯೇ 300 ಮೀಟರಿಗಿಂತ ಎತ್ತರದ ಯಾವ ಜಲಾಶಯದಲ್ಲಿ ಇಳಿದರೂ ಅದಕ್ಕೆ ಬೇರೆಯೇ ಕೋಷ್ಟಕ ಬೇಕು. ಸಮುದ್ರದ ಲೆಕ್ಕವನ್ನು ವಾಣಿವಿಲಾಸ ಸಾಗರಕ್ಕೆ ಹಾಗೆಯೇ ತರುವಂತಿಲ್ಲ.

ಇನ್ನು ತೇಲುವ ವಿಷಯ. ಅರವತ್ತು ಕೆ.ಜಿ.ಯ ಮನುಷ್ಯನ ಗಾತ್ರ ಸುಮಾರು ಅರವತ್ತು ಲೀಟರ್. ಸಮುದ್ರದ ಉಪ್ಪುನೀರು ಅವನನ್ನು ಸಿಹಿನೀರಿಗಿಂತ ಒಂದೂವರೆ ಕೆ.ಜಿ.ಯಷ್ಟು ಹೆಚ್ಚು ಎತ್ತಿ ಹಿಡಿಯುತ್ತದೆ. ತಲೆಯ ಮೂಗು-ಬಾಯಿ ನೀರಿನ ಮೇಲಿರಲು ಈ ಒಂದೂವರೆ ಕೆ.ಜಿ.ಯೇ ದೊಡ್ಡ ಆಸರೆ. ಬಾವಿ, ಹೊಂಡದ ನೀರಿನಲ್ಲಿ ಆ ಆಸರೆ ಇಲ್ಲ. ಎದೆ ತುಂಬ ಉಸಿರಿದ್ದರೆ ತೇಲುತ್ತೇವೆ, ಕೂಗಿ ಉಸಿರು ಖಾಲಿಯಾದರೆ ಮುಳುಗುತ್ತೇವೆ. ಹಿಂದೆ ಈಜು ಕಲಿಸುವಾಗ ಬೆನ್ನಿಗೆ ಸೋರೆ ಬುರುಡೆಯೋ ಬೆಂಡೋ ಕಟ್ಟುತ್ತಿದ್ದರು, ನಾಲ್ಕೈದು ಕೆ.ಜಿ. ಮೇಲೆತ್ತುವ ಬಲ ಸಿಕ್ಕಿದರೆ ಮಗು ನಿರಾಳ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಇವತ್ತು ಅದೇ ಕೆಲಸ ಮಾಡುತ್ತದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಅದಕ್ಕೆ ಬರವಿಲ್ಲ. ‘ಸೀರೆ ಒದ್ದೆಯಾಗಿ ಎಳೆದುಕೊಂಡು ಹೋಯಿತು’ ಎನ್ನುವ ಮಾತು ಮಾತ್ರ ಪೂರ್ತಿ ಸರಿಯಲ್ಲ. ನೀರಿನೊಳಗೆ ಒದ್ದೆ ಬಟ್ಟೆಗೆ ಹೆಚ್ಚು ತೂಕವಿರುವುದಿಲ್ಲ. ಅದು ಕಾಲಿಗೆ ಸುತ್ತಿಕೊಂಡು ಆಡಿಸಲು ಬಿಡುವುದಿಲ್ಲ. ತೂಕ ಬರುವುದು ಹೊರಗೆ ಏರುವಾಗ, ಬಟ್ಟೆ ಹಿಡಿದ ನೀರೆಲ್ಲ ಮೈಮೇಲೆ ಹೊರೆಯಾದಾಗ.

ಹೀಗೆ ಹೊರಗೆ ಏರುವ ಮಾತು ನೇರವಾಗಿ ಕೃಷಿ ಹೊಂಡಕ್ಕೆ ಬರುತ್ತದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಮಳೆಯಾಶ್ರಿತ ಹೊಲಗಳಿಗೆ ಹೊಂಡ ತಂದಿತು. ಬರದಲ್ಲಿ ಶೇಂಗಾ ಬೆಳೆಗೆ ಒಂದು ನೀರು ಕೊಟ್ಟು ಉಳಿಸಿಕೊಂಡ ರೈತರಿಗೆ ಅದರ ಬೆಲೆ ಗೊತ್ತು, ನಾನು ಹೊಂಡದ ವಿರೋಧಿಯಲ್ಲ. ಆದರೆ ಹೊಂಡವನ್ನು ಹತ್ತಿರ ಹೋಗಿ ನೋಡಿ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹೊದಿಕೆ. ನೀರಿನ ಮಟ್ಟದ ಕೆಳಗೆ ಹೊದಿಕೆಗೆ ತೆಳು ಪಾಚಿ ಹಿಡಿದಿರುತ್ತದೆ, ಕಣ್ಣಿಗೆ ಕಾಣುವುದು ಹಸಿರು ನೆರಳಿನಷ್ಟೇ. ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಲ್ಲಬೇಕಾದರೆ ಘರ್ಷಣೆಯ ಬಲ ಕಾಲು ಒತ್ತುವ ಬಲದಷ್ಟೇ ಇರಬೇಕು. ಒಣಗಿದ ಒರಟು ಬಂಡೆಯ ಮೇಲೆ ಅದು ಸಿಗಬಹುದು, ಪಾಚಿಗಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಅದರ ಸಣ್ಣ ಪಾಲೂ ಸಿಗದು. ಸೊಂಟದವರೆಗೆ ನೀರಿನಲ್ಲಿದ್ದರೆ ಇನ್ನೂ ಕಷ್ಟ: ನೀರು ಮೈಯನ್ನು ಎತ್ತುವುದರಿಂದ ಕಾಲು ನೆಲವನ್ನು ಒತ್ತುವುದೇ ಕಡಿಮೆಯಾಗುತ್ತದೆ, ಅಷ್ಟರಮಟ್ಟಿಗೆ ಹಿಡಿತವೂ ಹೋಗುತ್ತದೆ. ಈಜು ಬಲ್ಲ ದೊಡ್ಡವರೂ ದಡ ಮುಟ್ಟಿ, ಹತ್ತಲಾರದೆ, ಸುಸ್ತಾಗಿ ಸಾಯುತ್ತಾರೆ. ಮಗು ಬಿದ್ದಿತೆಂದು ತಾಯಿ, ತಾಯಿ ಹೋದಳೆಂದು ತಂದೆ, ಒಂದೇ ಮನೆಯ ಮೂವರು ಹೋದ ಸುದ್ದಿಗಳನ್ನು ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಓದುತ್ತಲೇ ಇದ್ದೇವೆ. ಇಲ್ಲಿ ಕೊಲ್ಲುವುದು ಆಳಕ್ಕಿಂತ ಹೆಚ್ಚಾಗಿ ಇಳಿಜಾರು. ದಡದಲ್ಲಿ ಗೂಟ ಹೊಡೆದು, ಗಂಟು ಹಾಕಿದ ಹಗ್ಗವೊಂದನ್ನು ತಳದವರೆಗೆ ಇಳಿಬಿಟ್ಟರೆ, ಹಳೇ ಟೈರುಗಳನ್ನು ಏಣಿಯಂತೆ ಕಟ್ಟಿದರೆ, ಘರ್ಷಣೆಯ ಕೊರತೆಯನ್ನು ಕೈ ತುಂಬಿಕೊಡುತ್ತದೆ. ಯೋಜನೆಯ ಪಟ್ಟಿಯಲ್ಲಿ ತಂತಿ ಬೇಲಿಯೂ ಇದೆ. ಬೇಲಿಯಿಲ್ಲದ ಹೊಂಡಕ್ಕೆ ಹಣ ಬಿಡುಗಡೆ ಮಾಡುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಣ್ಣೂ ನೀರಿನಲ್ಲಿ ನಂಬಿಕೆಗೆ ಅರ್ಹವಲ್ಲ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ಮೇಲಿನಿಂದ ನೋಡಿದರೆ ನಾಲ್ಕು ಅಡಿ ನೀರು ಮೂರೇ ಅಡಿಯಂತೆ ಕಾಣುತ್ತದೆ. ಕ್ವಾರಿಯ ತಿಳಿನೀರಿನಲ್ಲಿ ತಳ ಕಾಣುತ್ತಿದೆ ಎಂದು ಇಳಿಯುವ ಹುಡುಗನ ಲೆಕ್ಕ ಕಾಲುಭಾಗ ತಪ್ಪಿರುತ್ತದೆ. ಹೊಸ ಮಳೆಗೆ ಕೆಂಪು ಮಣ್ಣು ಹೊತ್ತು ಬರುವ ವೇದಾವತಿಯಲ್ಲಂತೂ ಒಂದು ಅಡಿ ಕೆಳಗೆ ಕೈಯೇ ಕಾಣುವುದಿಲ್ಲ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಅದು ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯದು. ಇನ್ನು ಹರಿವು: ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ಪಾಲಾದಾಗ ಇಡೀ ರಾಜ್ಯ ಇದನ್ನು ಕಂಡಿತು. ನೌಕಾಪಡೆಯವರು, ಮಲ್ಪೆಯ ಈಶ್ವರ ಮಲ್ಪೆಯಂಥ ಅನುಭವಿಗಳು ಇಳಿದರೂ ಗಂಗಾವಳಿಯ ಸೆಳೆತ ನಿಲ್ಲಗೊಡಲಿಲ್ಲ. ನದಿಯಲ್ಲಿ ಹೂತ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಡ್ರೆಜ್ಜರ್ ತಂದ ಮೇಲೆ. ನಮ್ಮ ಚೆಕ್ ಡ್ಯಾಮುಗಳ ಮೇಲೆ ನೀರು ಉಕ್ಕಿ ಬೀಳುವಾಗ ಬುಡದಲ್ಲಿ ಅದು ಹಿಂದಕ್ಕೆ ಸುತ್ತಿ ಸುಳಿಯಾಗುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅಲ್ಲಿ ತೇಲುವುದೂ ಕಷ್ಟ. ಸೆಲ್ಫಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಉಸಿರು ಕಟ್ಟುವ ಪಂದ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾವಿಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಹುಡುಗರು ಪಂದ್ಯ ಕಟ್ಟುತ್ತಾರೆ, ಮುಳುಗುವ ಮೊದಲು ಏದುಸಿರು ಬಿಟ್ಟು ‘ಗಾಳಿ ತುಂಬಿಕೊಳ್ಳುತ್ತಾರೆ’. ಅದರಿಂದ ಆಮ್ಲಜನಕ ಹೆಚ್ಚುವುದಿಲ್ಲ, ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ ಅಷ್ಟೇ. ಉಸಿರಾಡು ಎಂದು ಮೆದುಳಿಗೆ ತಿವಿಯುವುದು ಮುಖ್ಯವಾಗಿ ಈ ಅನಿಲ. ತಿವಿತ ಬರುವ ಮೊದಲೇ ಆಮ್ಲಜನಕ ಮುಗಿದು, ಸದ್ದಿಲ್ಲದೆ ಎಚ್ಚರ ತಪ್ಪುತ್ತದೆ. ಆಳದಿಂದ ಮೇಲೆ ಬರುವಾಗ ಒತ್ತಡ ಇಳಿದು ಎದೆಯೊಳಗಿನ ಆಮ್ಲಜನಕದ ಒತ್ತಡವೂ ದಿಢೀರ್ ಇಳಿಯುವುದರಿಂದ ದಡ ಕೈಗೆಟುಕುವ ಹೊತ್ತಿಗೇ ಹೀಗಾಗುವುದು ಹೆಚ್ಚು. ನೀರಿಲ್ಲದ ಪಾಳುಬಾವಿಯೂ ಅಪಾಯವೇ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ನಿಲ್ಲುತ್ತದೆ. ದೀಪ ಇಳಿಬಿಟ್ಟು ನೋಡುವ ಹಿರಿಯರ ಕ್ರಮ ಒಳ್ಳೆಯದು, ಆದರೆ ಸಾಲದು: ಬಾವಿಯೊಳಗೆ ಡೀಸೆಲ್ ಎಂಜಿನ್ ಓಡಿಸಿದಾಗ ತುಂಬುವ ಇಂಗಾಲದ ಮೊನಾಕ್ಸೈಡಿನಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ವಿಶ್ವಸಂಸ್ಥೆ ಆ ವರ್ಷದಿಂದ ಜುಲೈ 25ನ್ನು ಮುಳುಗು ಸಾವು ತಡೆಯ ದಿನವೆಂದು ಗುರುತಿಸಿದೆ. ನಮ್ಮ ಶಾಲೆಗಳಲ್ಲಿ ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆ ಬರೆಸುತ್ತೇವೆ, ಹೊಂಡದ ದಡದಲ್ಲಿ ನಿಲ್ಲಿಸಿ ಹೇಳಿಕೊಡುವುದಿಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇರುವ ತಾಲ್ಲೂಕು ಇದು. ವಿಜ್ಞಾನ ಶಿಕ್ಷಕರಿಗೆ ಇದನ್ನೊಂದು ಪಾಠವಾಗಿ ಕಟ್ಟಿಕೊಡುವುದು ದೊಡ್ಡ ಕೆಲಸವೇನಲ್ಲ. ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣೆಗಳಲ್ಲಿ ತರಬೇತಾದ ಮುಳುಗು ತಂಡ, ಬ್ಯಾರೇಜುಗಳಲ್ಲಿ ಲೈಫ್ ಜಾಕೆಟ್ಟು ಮತ್ತು ಹಗ್ಗ ಇರಬೇಕೆಂದು ಗ್ರಾಮ ಪಂಚಾಯಿತಿಗಳು ಕೇಳಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಬಿದಿರಿನ ಗಳ, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಎತ್ತಿದ ಮೇಲೆ ತಲೆಕೆಳಗು ಹಿಡಿದು ಹೊಟ್ಟೆ ಅಮುಕುತ್ತಾ ಹೊತ್ತು ಕಳೆಯಬೇಡಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತಿ, ಜೊತೆಯವರಿಂದ 112ಕ್ಕೆ ಕರೆ ಮಾಡಿಸಿ. ನಿಮ್ಮ ಹೊಲದಲ್ಲಿ ಕೃಷಿ ಹೊಂಡವಿದ್ದರೆ ಈ ವಾರವೇ ಅದಕ್ಕೊಂದು ಗಂಟು ಹಾಕಿದ ಹಗ್ಗ ಕಟ್ಟಿ.